ಅವಲಪಲ್ಲಿ ಶೆಡ್ಡಿನ ಕೈಗುಣ

ಅವರ ಹನ್ನೊಂದನೇ ದಿನದ ಊಟ ಮುಗಿಸಿ ನಾವೆಲ್ಲ ಹೊರಗೆ ಬಂದಾಗ ಬೀದಿಯಲ್ಲಿ ನಿಂತಿದ್ದ ಗಾಡಿಗಳಲ್ಲಿ ಒಂದು ಸ್ಟಾರ್ಟ್ ಆಗಲಿಲ್ಲ. ಯಾರದೋ ಹಳೆಯ ವ್ಯಾನು. ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು. ಎಲೆ ಅಡಿಕೆ ಜಗಿಯುತ್ತ ನಿಂತಿದ್ದ ಇಪ್ಪತ್ತು ಮೂವತ್ತು ಜನ ಒಟ್ಟಿಗೇ ಮನೆಯ ಬಾಗಿಲ ಕಡೆ ತಿರುಗಿದೆವು. ಬಾಗಿಲಲ್ಲಿದ್ದ ಅವರ ಹೆಂಡತಿಯೂ ಒಳಗೆ ತಿರುಗಿ ಕರೆಯಲು ಬಾಯಿ ತೆರೆದವರು, ಹಾಗೇ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಎಲ್ಲರೂ ಸೇರಿ ವ್ಯಾನನ್ನು ತಳ್ಳಿದೆವು. ನಾನೂ ತಳ್ಳಿದೆ. ಮುಖ್ಯ ರಸ್ತೆಯ ತಿರುವು ಬರುವವರೆಗೂ ಅದು ಸ್ಟಾರ್ಟ್ ಆಗಲಿಲ್ಲ.

ತಮಿಳುನಾಡಿನ ಗಡಿಯೂರು ಹೊಸೂರಿನ ಅವಲಪಲ್ಲಿಯಲ್ಲಿ ಅವರದೊಂದು ತಗಡಿನ ಶೆಡ್ಡು ಇತ್ತು, ಗಾಡಿ ರಿಪೇರಿಯದು. ಹೆಸರು ನನಗೆ ಗೊತ್ತಿದ್ದರೂ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಕನ್ನಡದವರಿಗೆ ಅವರು ಅಣ್ಣ, ತಮಿಳಿನವರಿಗೆ ಅಣ್ಣೆ, ತೆಲುಗಿನವರಿಗೆ ಅನ್ನ. ಖಾಕಿ ಅಂಗಿ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೊಂದು ಬಿಳಿ ಟವೆಲ್ಲು. ಆ ಟವೆಲ್ಲು ಕೈ ಒರೆಸಿಕೊಳ್ಳುವುದಕ್ಕಲ್ಲ. ಎಂಜಿನ್ ಓಡುವಾಗ ಅದನ್ನು ಸೈಲೆನ್ಸರಿನ ಬಾಯಿಗೆ ಹಿಡಿದು, ಆಮೇಲೆ ತಮ್ಮ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಅತ್ತಿಬೆಲೆ ಪೆಟ್ರೋಲು" ಎನ್ನುತ್ತಿದ್ದರು. ಗಡಿಯಾಚೆ ಪೆಟ್ರೋಲ್ ಹಾಕಿಸಿದ್ದು ಅವರಿಗೆ ನಿಜವಾಗಿ ಗೊತ್ತಾಗುತ್ತಿತ್ತೋ ಇಲ್ಲವೋ, ಗೊತ್ತಾಗುತ್ತದೆ ಎಂಬ ಹೆದರಿಕೆಗೆ ನಾವೇ ಮೊದಲು ಒಪ್ಪಿಕೊಂಡುಬಿಡುತ್ತಿದ್ದೆವು.

ಗಾಡಿಯ ದೂರನ್ನು ಗಾಡಿಯ ಎದುರಿಗೆ ಹೇಳಕೂಡದು ಎಂಬುದು ಆ ಶೆಡ್ಡಿನ ಮೊದಲ ಕಾನೂನು. ನಾನು ಮೊದಲ ಸಲ ಹೋದಾಗ ಇದು ತಿಳಿಯದೆ, "ಅಣ್ಣಾ, ಇದು ದರಿದ್ರದ್ದು, ಏರು ಹತ್ತುವುದೇ ಇಲ್ಲ" ಎಂದುಬಿಟ್ಟೆ. ಅವರು ಗಾಬರಿಯಿಂದ ಬಾನೆಟ್ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, "ಟೀಚರಮ್ಮಾ, ಎದ್ರಿಗೆ ಬ್ಯಾಡ. ಬನ್ನಿ, ಟೀ ಕುಡ್ಕಂಡ್ ಮಾತಾಡಾನ" ಎಂದು ರಸ್ತೆಯ ಆಚೆಗಿದ್ದ ಟೀ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿಯೂ ಗಾಡಿಗೆ ಬೆನ್ನು ಹಾಕಿ ಕೂತು, ದನಿ ತಗ್ಗಿಸಿ, "ಈಗ ಯೋಳಿ" ಎಂದರು. ಆ ಅಂಗಡಿಯವನ ಅರ್ಧ ವ್ಯಾಪಾರ ಹೀಗೆ ಗಾಡಿಗಳ ಮರ್ಯಾದೆ ಕಾಪಾಡುವುದರಿಂದಲೇ ನಡೆಯುತ್ತಿತ್ತು.

ಗಾಡಿಯ ಜೊತೆಗೆ ಅವರು ಅದರದರ ಭಾಷೆಯಲ್ಲಿ ಮಾತಾಡುತ್ತಿದ್ದರು. ಕರ್ನಾಟಕದ ನಂಬರ್ ಇದ್ದರೆ ಕನ್ನಡ, ತಮಿಳುನಾಡಿನದಾದರೆ ತಮಿಳು, ಕುಪ್ಪಂ ಕಡೆಯಿಂದ ಬಂದದ್ದಕ್ಕೆ ತೆಲುಗು. ನನ್ನ ಕಾರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಸೆಕೆಂಡ್ ಹ್ಯಾಂಡಿನಲ್ಲಿ ನನ್ನ ಕೈಗೆ ಬಂದು, ಆಮೇಲೆ ಹೊಸೂರಿನ ನಂಬರ್ ಹಾಕಿಸಿಕೊಂಡದ್ದು. ಅದರ ವಿಷಯದಲ್ಲಿ ಅವರು ಎರಡು ನಿಮಿಷ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದರು. ಸಾಮಾನ್ಯ ಮಾತು ತಮಿಳಿನಲ್ಲಿ, ಸಮಾಧಾನ ಹೇಳುವುದು ಮಾತ್ರ ಕನ್ನಡದಲ್ಲಿ. ನಾನು ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವವಳು. ಇದನ್ನೆಲ್ಲ ನೋಡಿ ನಗು ತಡೆದುಕೊಳ್ಳುತ್ತಿದ್ದೆ, ಆದರೆ ಗಾಡಿ ಮಾತ್ರ ಪ್ರತಿ ಸಲವೂ ಸರಿಯಾಗುತ್ತಿತ್ತು.

ಸರಿಯಾಗುವುದಕ್ಕೆ ಕಾರಣ ತಮ್ಮ ಓದಲ್ಲ, ಸ್ಪ್ಯಾನರ್ ಅಲ್ಲ, ಕೈಗುಣ ಎಂಬುದು ಅವರ ನಂಬಿಕೆ. ಆ ಕೈಗುಣ ಬೆಟ್ಟದ ಚಂದ್ರಚೂಡೇಶ್ವರ ಕೊಟ್ಟದ್ದು. ಅದಕ್ಕೆ ಅವರು ಸಲ್ಲಿಸುತ್ತಿದ್ದ ಕಾಣಿಕೆ ಎಂದರೆ, ಯಾವ ಹೊಸ ಪಾರ್ಟನ್ನೂ ಪೂಜೆಯಿಲ್ಲದೆ ಗಾಡಿಗೆ ಹಾಕದೇ ಇರುವುದು. ಬ್ರೇಕ್ ಕೇಬಲ್ ಆಗಲಿ, ಬೆರಳುದ್ದದ ಫ್ಯೂಸ್ ಆಗಲಿ, ಡಬ್ಬಿಯಿಂದ ತೆಗೆದು ದೇವರ ಪಟದ ಮುಂದಿಟ್ಟು, ಗಂಧ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಕಾಲು ಗಂಟೆ "ಒಗ್ಗಿಕೊಳ್ಳಲಿ" ಎಂದು ಬಿಡುತ್ತಿದ್ದರು. ಹಳೇ ಗಾಡಿಯಿಂದ ಬಿಚ್ಚಿ ತಂದ ಪಾರ್ಟಿಗೆ ಇದೆಲ್ಲ ಇರಲಿಲ್ಲ. ಅದಕ್ಕೆ ಹೋದ ಜನ್ಮದಲ್ಲೇ ಪೂಜೆ ಆಗಿರುತ್ತದಂತೆ. ಶೆಡ್ಡು ಶುರು ಮಾಡಿದ ದಿನ ಬೆಟ್ಟ ಹತ್ತಿ ಒಂದು ಹರಕೆಯನ್ನೂ ಹೊತ್ತಿದ್ದರು. ಒಂದೇ ಕೆಲಸಕ್ಕೆ ಒಂದೇ ಗಾಡಿ ಎರಡು ಸಲ ವಾಪಸ್ಸು ಬಂದರೆ ಕೈಗುಣ ಹೋಯಿತೆಂದು ಅರ್ಥ, ಅವತ್ತೇ ಶೆಡ್ಡಿಗೆ ಬೀಗ. ಇಷ್ಟು ವರ್ಷದಲ್ಲಿ ಯಾವ ಗಾಡಿಯೂ ಹಾಗೆ ಬಂದಿರಲಿಲ್ಲ. ಆ ಪುಣ್ಯ ನನ್ನ ಕಾರಿಗೆ ಕಾದಿತ್ತು.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿತು. ಪೆಟ್ರೋಲ್ ನೀರಿನ ಹಾಗೆ ಖರ್ಚಾಗತೊಡಗಿತು, ಹಿಂದೆ ಕರಿ ಹೊಗೆ. ನನ್ನ ಶಾಲೆ ಇರುವುದು ಜವಳಗಿರಿ ಹತ್ತಿರ, ದಿನವೂ ಆನೆ ಓಡಾಡುವ ಕಾಡಿನ ರಸ್ತೆಯಲ್ಲಿ ಹೋಗಬೇಕು. ನಾನು ಮೊದಲು ಟೀ ಅಂಗಡಿಗೆ ಹೋಗಿ, ಅಲ್ಲಿಂದ ಅವರನ್ನು ಕರೆಸಿ, ಗುಟ್ಟಾಗಿ ವಿಷಯ ತಿಳಿಸಿದೆ.

ಅವರ ಪೂಜೆಯಷ್ಟೇ ಅವರ ಪರೀಕ್ಷೆಯೂ ಗಟ್ಟಿ. ಸ್ಕ್ಯಾನರ್ ಜೋಡಿಸಿ ನೋಡಿದರು. ಅದು ಆಕ್ಸಿಜನ್ ಸೆನ್ಸರ್ ಎಂದಿತು. ಅದು ಹೇಳಿದ್ದನ್ನು ಹಾಗೇ ನಂಬಲಿಲ್ಲ. ವೈರನ್ನು ಇಲಿ ಕಡಿದಿದೆಯೇ ಎಂದು ಬೆರಳಲ್ಲಿ ಸವರಿಕೊಂಡು ಹೋದರು. ಹೊಗೆ ಕೊಳವೆ ಎಲ್ಲಾದರೂ ಸೀಳಿದೆಯೇ ಎಂದು ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡಿದರು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮುಳ್ಳಿನ ಮೀಟರು ಹಿಡಿದು ನನ್ನನ್ನು ಹತ್ತಿರ ಕರೆದರು.

"ಇದು ಗಾಡಿ ಮೂಗು, ಟೀಚರಮ್ಮಾ" ಎಂದು ಪಿಸುಗುಟ್ಟಿದರು. "ಹೊಗೇಲಿ ಗಾಳಿ ಎಷ್ಟ್ ಉಳ್ಕಂಡೈತೆ ಅಂತ ಮೂಸಿ ನೋಡಿ ಕಂಪ್ಯೂಟ್ರಿಗೆ ಯೋಳ್ತದೆ. ಕಂಪ್ಯೂಟ್ರು ಅದನ್ನ ಕೇಳ್ಕಂಡು ಪೆಟ್ರೋಲ್ ಬುಡ್ತದೆ. ಈ ಮುಳ್ಳು ಮ್ಯಾಕೆ ಕೆಳಕ್ಕೆ ಆಡ್ತಾನೇ ಇರ್ಬೇಕು. ನೋಡಿ, ಆಡ್ತಾನೇ ಇಲ್ಲ. ಮೂಗು ಹೋಗ್ಬುಟ್ಟೈತೆ."

"ಬೇರೆ ಹಾಕಬೇಕಾ?"

"ಮೆಲ್ಲಗೆ ಮಾತಾಡಿ."

ಮಾರನೆಯ ದಿನ ಹೊಸ ಸೆನ್ಸರ್ ತಂದರು. ಈವರೆಗೆ ಈ ಸಾಮಾನನ್ನು ಅವರು ಹಳೇ ಗಾಡಿಗಳಿಂದಲೇ ಬಿಚ್ಚಿ ಹಾಕಿದ್ದರು, ಹೊಸ ಡಬ್ಬಿ ಒಡೆದದ್ದು ನನ್ನ ಕಾರಿಗೇ ಮೊದಲು. ನಾನು ಚಪ್ಪಲಿ ಬಿಟ್ಟು ನಿಂತುಕೊಂಡೆ. ತುದಿಯಲ್ಲಿ ಸಣ್ಣ ಸಣ್ಣ ತೂತುಗಳಿದ್ದ ಆ ಬೆರಳುದ್ದದ ಲೋಹಕ್ಕೆ, ಮೂಗಾದ್ದರಿಂದ ಸರಿಯಾಗಿ ತುದಿಗೇ, ನೀರಾದ ಗಂಧ ಸವರಿ ಅದರ ಮೇಲೆ ಕುಂಕುಮ ಇಟ್ಟರು. ನಾನು ಮಂಗಳಾರತಿ ತೆಗೆದುಕೊಂಡೆ. ಹಳೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಎಂಜಿನ್ ಸ್ವಲ್ಪ ಬಿಸಿ ಮಾಡಿ, ವೈರ್ ನುಸುಳಲು ಸೀಳಿರುವ ಸ್ಪ್ಯಾನರ್ ಹಾಕಿ, ತಿರುಪಿನ ಒಂದು ಮರೆಯನ್ನೂ ನೋಯಿಸದೆ ಬಿಚ್ಚಿದರು. ಹೊಸದನ್ನು ಕೂರಿಸಿದರು. ದೀಪ ಆರಿತು.

ಆರು ದಿನಕ್ಕೆ ಮತ್ತೆ ಹತ್ತಿತು. ಮೊದಲ ಸಲ ವಾಪಸ್ಸು. ಅವರು ಮತ್ತೆ ಮೀಟರು ಹಿಡಿದರು, ಮತ್ತೆ ವೈರು ಸವರಿದರು. ಹೊಸ ಮೂಗೂ ಹೋಗಿತ್ತು. ಕರೆಂಟಿನ ಸಾಮಾನು ಒಮ್ಮೆ ಹಾಕಿದರೆ ವಾಪಸ್ ಇಲ್ಲ ಎಂದು ಅಂಗಡಿಯವರು ಹೇಳಿದ್ದಕ್ಕೆ ತಾವೇ ಇನ್ನೊಂದು ತಂದರು. ಸತ್ತದ್ದನ್ನು ಅದರ ಡಬ್ಬಿಯಲ್ಲೇ ಹಾಕಿ ನನ್ನ ಕಾರಿನಲ್ಲಿಟ್ಟರು. ಬಿಚ್ಚಿದ ಪಾರ್ಟು ಗಿರಾಕಿಗೆ ಸೇರಬೇಕೆಂಬುದು ಅವರ ಇನ್ನೊಂದು ಕಾನೂನು. ಈ ಸಲ ಪೂಜೆ ಮುಕ್ಕಾಲು ಗಂಟೆ ನಡೆಯಿತು. ಹರಕೆಯ ವಿಷಯ ನನಗೂ ಗೊತ್ತಿತ್ತು. ಪಾಪ ಅನ್ನಿಸಿ, ವಿಜ್ಞಾನದ ಟೀಚರಾದ ನಾನೇ ಬಾಯಿ ಬಿಟ್ಟು ಹೇಳಿದೆ:

"ಅಣ್ಣಾ, ಇನ್ನೊಂದು ಸ್ವಲ್ಪ ಗಂಧ ಹಚ್ಚಿ. ಈ ಸಲ ನಿಲ್ಲಲಿ."

ಹಚ್ಚಿದರು. ಎರಡೇ ದಿನಕ್ಕೆ ದೀಪ ಹತ್ತಿತು.

ಈಗ ನಾನು ಶೆಡ್ಡಿಗೆ ಹೋದರೆ ಶೆಡ್ಡು ಮುಚ್ಚುತ್ತದೆ. ಹೋಗದಿದ್ದರೆ ಕಾರು ಕಾಡಿನಲ್ಲಿ ಕೈ ಕೊಡುತ್ತದೆ. ಯೋಚಿಸಿ ಯೋಚಿಸಿ ತಲೆ ಕೆಟ್ಟು, ಹಣೆಯ ಬಿಂದಿಯನ್ನು ಕಿತ್ತು ಆ ದೀಪದ ಮೇಲೆ ಅಂಟಿಸಿದೆ. ಅವಲಪಲ್ಲಿಯ ರಸ್ತೆ ಬಿಟ್ಟು ಸುತ್ತು ಹಾಕಿ ಶಾಲೆಗೆ ಹೋಗತೊಡಗಿದೆ. ಒಂದು ಸಂಜೆ ಅವರೇ ಸ್ಕೂಟರಿನಲ್ಲಿ ಎದುರಾಗಿ, "ಹೆಂಗೈತೆ ಟೀಚರಮ್ಮಾ?" ಎಂದಾಗ, "ಚಿನ್ನದಂಗಿದೆ ಅಣ್ಣಾ" ಎಂದು ಹೇಳಿ, ಅವರು ಟವೆಲ್ಲಿಗೆ ಕೈ ಹಾಕುವುದರೊಳಗೆ ಅಲ್ಲಿಂದ ಕಾಲು ಕಿತ್ತೆ. ಮಕ್ಕಳಿಗೆ ಸತ್ಯ ಹೇಳಿ ಎಂದು ಬೋಧಿಸುವವಳು ನಾನು. ಆ ವಾರ ಮಕ್ಕಳ ಮುಖ ನೋಡುವುದೇ ಕಷ್ಟವಾಯಿತು.

ದೀಪ ಹತ್ತಿದ ಒಂಬತ್ತನೆಯ ದಿನ ಬೆಳಿಗ್ಗೆ ಜವಳಗಿರಿಗೆ ಸ್ವಲ್ಪ ಮೊದಲು, ಎರಡೂ ಕಡೆ ಕಾಡಿರುವಲ್ಲಿ, ಕಾರು ಗಕ್ಕನೆ ನಿಂತಿತು. ಗಸ್ತಿನ ಅರಣ್ಯ ಕಾವಲುಗಾರ ಓಡಿ ಬಂದ. ಆನೆಗಳ ಗುಂಪು ಆಗಲೇ ದಾಟಿದೆ, ಒಂಟಿ ಸಲಗ ಮಾತ್ರ ಎಡಗಡೆ ಉಳಿದುಕೊಂಡಿದೆ ಎಂದು ತಮಿಳಿನಲ್ಲಿ ಹೇಳಿದ. ಯಾರಿಗೂ ಫೋನ್ ಮಾಡಬೇಡಿ ಎಂದು ಹೇಳುವಷ್ಟರಲ್ಲಿ ಅವನು ಕಾರಿನ ಹಿಂದಿನ ಗಾಜಿನ ಸ್ಟಿಕ್ಕರಿನಲ್ಲಿದ್ದ ಶೆಡ್ಡಿನ ನಂಬರಿಗೆ ಫೋನ್ ಮಾಡಿಬಿಟ್ಟಿದ್ದ.

ಮುಕ್ಕಾಲು ಗಂಟೆಯಲ್ಲಿ ಅವರು ಸ್ಕೂಟರಿನಲ್ಲಿ ಬಂದರು. ಇಳಿದವರೇ, "ಏನಾಯ್ತು?" ಎಂದರು. ನಾನು ಬಾಯಿ ತೆರೆದೆ.

"ಎದ್ರಿಗೆ ಬ್ಯಾಡ, ಎದ್ರಿಗೆ ಬ್ಯಾಡ. ಬನ್ನಿ ಆ ಕಡೀಕೆ" ಎಂದು ನನ್ನನ್ನು ಎಡಗಡೆಯ ಪೊದೆಗಳತ್ತ ಕರೆದುಕೊಂಡು ಹೊರಟರು.

"ಅಂದ ಪಕ್ಕಂ ಪೋಗಾದೀಂಗ! ಯಾನೈ ಇರುಕ್ಕು!" ಎಂದು, ಆ ಕಡೆ ಆನೆ ಇದೆ ಹೋಗಬೇಡಿ ಅಂತ, ಕಾವಲುಗಾರ ಕಿರುಚಿದ.

"ಒಂದೇ ನಿಮ್ಸ ಸಾಮಿ, ಸೊಲ್ಲಿಟ್ಟು ವಂದಿಡ್ರೋಂ" ಎಂದು, ಹೇಳಿ ಬಂದುಬಿಡುತ್ತೇವೆ ಅಂತ, ಅವರು ಅಲ್ಲಿಂದಲೇ ಸಮಾಧಾನ ಹೇಳಿದರು. ಹೀಗೆ ನಾನು ನನ್ನ ಕಾರಿನ ಕಾಯಿಲೆಯನ್ನು, ಅದರ ಮನಸ್ಸಿಗೆ ನೋವಾಗದ ಹಾಗೆ, ಒಂಟಿ ಸಲಗನಿರುವ ಪೊದೆಗಳ ಪಕ್ಕ ನಿಂತು ಪಿಸುಮಾತಿನಲ್ಲಿ ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ವಾಪಸ್ಸು ಬಂದು, ಕಾರಿನೊಳಗೆ ಬಗ್ಗಿ, ಉಗುರಿನಿಂದ ಬಿಂದಿಯನ್ನು ಎತ್ತಿದರು. ದೀಪ ಉರಿಯುತ್ತಿತ್ತು.

"ಎಷ್ಟ್ ದಿವ್ಸ ಆಯ್ತು?"

"ಒಂಬತ್ತು. ಅಣ್ಣಾ, ಗಾಡಿ ಶೆಡ್ಡಿಗೆ ಬಂದರೆ ತಾನೇ ವಾಪಸ್ಸು ಅಂತ ಲೆಕ್ಕ? ನೀವೇ ಗಾಡಿ ಹತ್ತಿರ ಬಂದಿದ್ದೀರಿ."

"ಅದೆಲ್ಲಾ ಲಾಯರ್ ಮಾತು ಬುಡಿ" ಎಂದರು. ಮಸಿ ಹಿಡಿದ ಪ್ಲಗ್ಗುಗಳನ್ನು ಉಜ್ಜಿ ಹಾಕಿ, ಸೆನ್ಸರಿನ ಕನೆಕ್ಷನ್ ಕಿತ್ತರು. ಮೂಗೇ ಇಲ್ಲ ಎಂದು ತಿಳಿದರೆ ಕಂಪ್ಯೂಟರು ತನ್ನ ಅಂದಾಜಿನಲ್ಲಿ ಪೆಟ್ರೋಲ್ ಬಿಡುತ್ತದಂತೆ, ಮೂಗು ಸುಳ್ಳು ಹೇಳುವುದಕ್ಕಿಂತ ಅದೇ ವಾಸಿಯಂತೆ. ಕಾರು ಸ್ಟಾರ್ಟ್ ಆಯಿತು. ಅವರು ತಮ್ಮ ಎರಡು ಕೈಗಳನ್ನೂ ಒಮ್ಮೆ ಮಗುಚಿ ನೋಡಿಕೊಂಡು, ನನ್ನ ಕಡೆ ನೋಡದೆ ಹೊರಟುಹೋದರು. ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಬೀಗ ಬಿದ್ದಿತ್ತು.

ಮೂರು ದಿನ ಕಳೆದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. "ಬೆಳಿಗ್ಗೆ ಎದ್ದು ಟವಲ್ ಹಾಕ್ಕಂಡು ಜಗಲಿ ಮ್ಯಾಲೆ ಕುಂತ್ಕಂತಾರೆ ಕಣಮ್ಮಾ. ಮಿಕ್ಸಿ ಕೆಟ್ಟೈತೆ ಅಂದ್ರೂ ಮುಟ್ಟಲ್ಲ, ನನ್ ಕೈ ಸೋಕಿದ್ರೆ ಅದೂ ಸಾಯ್ತದೆ ಅಂತಾರೆ. ಅನ್ನಾನೂ ಸರ್ಯಾಗ್ ತಿಂತಾ ಇಲ್ಲ." ಹಿಂದೆ ಗಿರಾಕಿಗಳು ಗೇಟು ತಟ್ಟುವ ಸದ್ದು ಕೇಳಿಸುತ್ತಿತ್ತು. ನನಗೆ ಅಳು ಬಂತು. ಒಬ್ಬ ಮನುಷ್ಯನ ಜೀವಮಾನದ ನಂಬಿಕೆಯನ್ನು ನನ್ನ ಸೆಕೆಂಡ್ ಹ್ಯಾಂಡ್ ಕಾರು ತೆಗೆದಿತ್ತು.

ಅವತ್ತು ಶಾಲೆಯಲ್ಲಿ, ಕಾರಿನಲ್ಲೇ ಬಿದ್ದಿದ್ದ ಆ ಡಬ್ಬಿಯನ್ನು ಪ್ರಯೋಗಾಲಯಕ್ಕೆ ತೆಗೆದುಕೊಂಡು ಹೋದೆ. ಮೊದಲು ಸತ್ತ ಸೆನ್ಸರನ್ನು ಭೂತಗನ್ನಡಿಯ ಕೆಳಗಿಟ್ಟೆ. ತುದಿಯ ತೂತುಗಳು ಒಂದೂ ಕಾಣಲಿಲ್ಲ. ಗುಂಡುಸೂಜಿಯಿಂದ ಕೆರೆದೆ. ಸುಟ್ಟು ಗಟ್ಟಿಯಾದ ಗಂಧದ ಚಕ್ಕೆ ಬಂತು, ಅದರ ಹಿಂದೆ ಕೆಂಪು ಪುಡಿ. ಡಬ್ಬಿಯ ತಳದಲ್ಲಿ ಮಡಿಸಿಟ್ಟ ಒಂದು ಚೀಟಿ ಇತ್ತು. ಹತ್ತು ಹದಿನೈದು ಭಾಷೆಗಳಿದ್ದವು, ಅವುಗಳಲ್ಲಿ ಅವಲಪಲ್ಲಿಯ ಮೂರು ಭಾಷೆಗಳಲ್ಲಿ ಒಂದೂ ಇರಲಿಲ್ಲ. ಆದರೆ ಚಿತ್ರವಿತ್ತು. ತುದಿಯನ್ನು ಮುಟ್ಟುತ್ತಿರುವ ಒಂದು ಬೆರಳು, ಅದರ ಮೇಲೆ ದೊಡ್ಡದಾಗಿ ಅಡ್ಡಗೆರೆ. ಮೂಗಿಗೆ ಗಂಧ ಮೆತ್ತಿದರೆ ಉಸಿರಾಡುವುದು ಹೇಗೆ ಎಂದು ಕೇಳಲು ಹತ್ತನೇ ತರಗತಿಯ ವಿಜ್ಞಾನವೂ ಬೇಕಿರಲಿಲ್ಲ. ಎರಡು ಸಲವೂ ನಾನು ಪಕ್ಕದಲ್ಲೇ ಕೈ ಮುಗಿದು ನಿಂತಿದ್ದೆ.

ಸಂಜೆ ಅವರ ಜಗಲಿಗೆ ಹೋಗಿ ಎಲ್ಲವನ್ನೂ ಅವರ ಮುಂದಿಟ್ಟೆ. ಅವರು ಚೀಟಿಯನ್ನು ದೂರ ಹಿಡಿದು ನೋಡಿದರು.

"ಬೆರಳ್ ಮುಟ್ಟಿಸ್ಬಾರ್ದು ಅಂತ ತಾನೇ ಹಾಕವ್ರೆ? ಅದು ನಂಗೂ ಗೊತ್ತು. ನಾನ್ ಬೆರಳ್ ಮುಟ್ಟಿಸ್ಲೇ ಇಲ್ವಲ್ಲ ಟೀಚರಮ್ಮಾ. ಹೂವಿನ ಎಸ್ಳಲ್ಲಿ ಸವ್ರಿದ್ದು."

"ಅಣ್ಣಾ, ಬೆರಳೂ ಬೇಡ, ಹೂವೂ ಬೇಡ, ಗಂಧವೂ ಬೇಡ, ಏನೂ ಬೇಡ ಅಂತ ಅದರ ಅರ್ಥ."

"ಅಂಗಾದ್ರೆ ಕುಂಕುಮದ ಚಿತ್ರ ಹಾಕಿ ಗೆರೆ ಎಳೀಬೇಕಿತ್ತು."

"ಅವರಿಗೆ ನಿಮ್ಮ ವಿಷಯ ಗೊತ್ತಿರಲಿಲ್ಲ."

ಅವರು ಸೆನ್ಸರನ್ನು ಕೈಗೆ ತೆಗೆದುಕೊಂಡರು. ಗುಂಡುಸೂಜಿಯಿಂದ ತಾವೇ ಒಂದು ತೂತನ್ನು ಕೆರೆದು, ಪುಡಿಯನ್ನು ಅಂಗೈಗೆ ಹಾಕಿಕೊಂಡು ನೋಡಿದರು. ಆಮೇಲೆ ನಿಧಾನವಾಗಿ, "ಅಂದ್ರೆ ಕೈ ಕೆಟ್ಟಿಲ್ಲ?" ಎಂದರು.

"ಕೈ ಚೆನ್ನಾಗೇ ಇದೆ ಅಣ್ಣಾ."

ಮಾರನೆಯ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದರು. ಹೊಸದಾಗಿ ತಂದ ಮೂರನೆಯ ಸೆನ್ಸರನ್ನು ಡಬ್ಬಿಯಿಂದ ತೆಗೆದು, ಪಟದ ಕಡೆ ನೋಡದೆ, ನೇರವಾಗಿ ಕಾರಿನ ಹತ್ತಿರ ತಂದರು. ಇಷ್ಟು ವರ್ಷದಲ್ಲಿ ಮೊದಲ ಸಲ, ಮೈ ಮೇಲೆ ಏನೂ ಇಲ್ಲದ ಒಂದು ಹೊಸ ಪಾರ್ಟನ್ನು ಹಿಡಿದಿದ್ದರು. ಮರೆ ಎರಡು ಸಲ ತಪ್ಪಿತು. ಮೂರನೆಯ ಸಲ ಕೂತಿತು. ಎಂಜಿನ್ ಬಿಸಿಯಾಗುವವರೆಗೆ ಇಬ್ಬರೂ ಮೀಟರಿನ ಮುಂದೆ ಕೂತಿದ್ದೆವು. ಮುಳ್ಳು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಹತ್ತು ದಿನ ಕಳೆದರೂ ದೀಪ ಹತ್ತಲಿಲ್ಲ. ಹನ್ನೊಂದನೆಯ ದಿನ ನಾನು ಅದನ್ನು ಹೇಳಲೆಂದೇ ಹೋದೆ. ಕುಣಿದಾಡುತ್ತಾರೆ ಎಂದುಕೊಂಡಿದ್ದರೆ, ಟೀ ಅಂಗಡಿಯಲ್ಲಿ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದರು.

"ಟೀಚರಮ್ಮಾ, ಇದೊಂದ್ ಕೆಲ್ಸ ಬೆಟ್ಟದವನ್ನ ಕರೀದೆ ಮಾಡ್ದೆ. ಆಗೋಯ್ತು."

"ಆಯಿತಲ್ಲ ಅಣ್ಣಾ, ಒಳ್ಳೆಯದೇ ಆಯಿತು."

"ಅಂಗಾದ್ರೆ ಇಷ್ಟ್ ವರ್ಷ ಮಾಡಿದ್ದೂ ನಾನೇನಾ?"

"ಮತ್ತೆ ಇನ್ಯಾರು?"

ಟೀ ಲೋಟವನ್ನು ಕೆಳಗಿಟ್ಟರು. "ಇನ್ ಮ್ಯಾಕೆ ತಪ್ಪಾದ್ರೆ ಯಾರ್ ಮ್ಯಾಲ್ ಹಾಕಾನ?" ಎಂದರು. ಅವರ ಕಣ್ಣಲ್ಲಿ ನಿಜವಾದ ಭಯವಿತ್ತು. ಅಷ್ಟು ಒಳ್ಳೆಯ ಕೆಲಸಗಾರ, ತನ್ನ ಕೈಯ ಹಿಂದೆ ಯಾರೂ ಇಲ್ಲ, ತಾನೊಬ್ಬನೇ ಎಂದು ಗೊತ್ತಾಗಿ ಹೆದರಿದ್ದನ್ನು ನಾನು ಅವತ್ತು ಕಂಡೆ. ಇನ್ನೊಂದು ಸ್ವಲ್ಪ ಗಂಧ ಹಚ್ಚಿ ಎಂದ ಬಾಯಿ ನನ್ನದೇ ಆದ್ದರಿಂದ, "ನನ್ನ ಮೇಲೆ ಹಾಕಿ ಅಣ್ಣಾ" ಎಂದೆ.

ಅದು ಆ ಹೊತ್ತಿನ ಸಮಾಧಾನಕ್ಕೆ ಹೇಳಿದ ಮಾತು. ಅವರು ಅದನ್ನು ವ್ಯವಸ್ಥೆ ಎಂದು ತಿಳಿದರು. ಅಂದಿನಿಂದ ಶೆಡ್ಡಿನಲ್ಲಿ ಏನು ಹೆಚ್ಚುಕಡಿಮೆಯಾದರೂ, "ಜವಳಗಿರಿ ಟೀಚರಮ್ಮ ಅವ್ರಲ್ಲ, ಅವ್ರಿಂದ ಇಂಗಾಯ್ತು" ಎಂದು ಗಿರಾಕಿಗೆ ನಿರ್ಮಲ ಮನಸ್ಸಿನಿಂದ ಹೇಳಿ, ನಗುನಗುತ್ತ ಮತ್ತೆ ಬಿಚ್ಚಿ ಸರಿಮಾಡುತ್ತಿದ್ದರು. ಮರೆ ಮತ್ತೆಂದೂ ತಪ್ಪಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಗಂಡಸರು ನನ್ನನ್ನು ತಡೆದು, ತಮ್ಮ ಕ್ಲಚ್ ಯಾಕೆ ಹೀಗಾಯಿತು ಎಂದು ತಮಿಳಿನಲ್ಲಿ ಕೇಳುತ್ತಿದ್ದರು. ಪೋಷಕರ ಸಭೆಯಲ್ಲಿ ಒಬ್ಬ ತಂದೆ ಮಗಳ ಅಂಕಪಟ್ಟಿಯನ್ನು ಬದಿಗಿಟ್ಟು ರೇಡಿಯೇಟರಿನ ವಿಷಯ ತೆಗೆದರು. ಮೊದಮೊದಲು ಜಗಳಕ್ಕೆ ನಿಲ್ಲುತ್ತಿದ್ದೆ. ಆಮೇಲೆ, "ತಪ್ಪಾಯಿತು, ಮುಂದಿನ ಸಲ ನೋಡಿಕೊಳ್ಳುತ್ತೇನೆ" ಎಂದು ಹೇಳಿ ಕಳಿಸುವುದು ಅಭ್ಯಾಸವಾಯಿತು.

ಅವರು ಹೋಗಿ ಎಂಟು ತಿಂಗಳಾಯಿತು. ಅಲ್ಲಿಂದ ಈಚೆಗೆ ಇಡೀ ಹೊಸೂರಿನಲ್ಲಿ ಒಂದೇ ಒಂದು ಗಾಡಿಯೂ ನನ್ನಿಂದ ಕೆಟ್ಟಿಲ್ಲ.